ಮಡಿಕೇರಿ ಪಿನ್‌ಕೋಡ್ ಒಳಗಿನ ಲೆಕ್ಕ

ಎಲ್ರಿಗೂ ನಮಸ್ಕಾರ. ಗಣಿತದ ಉಪನ್ಯಾಸ ಅಂತ ಕೇಳಿ ಅರ್ಧ ಜನ ಟೀ ಕುಡ್ಕೊಂಡು ಹಂಗೇ ಹೋಗ್ತಾರೆ ಅಂದ್ಕೊಂಡಿದ್ದೆ, ಹೊರಗಡೆ ಮಳೆ ಹಿಡ್ಕೊಂಡಿದ್ದು ನನ್ನ ಪುಣ್ಯ.

ಬೋರ್ಡ್ ಮೇಲಿರೋದು 571201, ನಮ್ಮ ಮಡಿಕೇರಿ ಪಿನ್‌ಕೋಡ್. 1972ರಲ್ಲಿ ಪಿನ್‌ಕೋಡ್ ಬಂದಾಗ ಅಂಚೆಯವ್ರು ಯಾವ ಗಣಿತಾನೂ ನೋಡಿ ಕೊಟ್ಟಿದ್ದಲ್ಲ, ಮೊದಲ್ನೇ ಅಂಕಿ ವಲಯ, ಕೊನೇ ಮೂರು ಅಂಚೆ ಕಚೇರಿ, ಅಷ್ಟೇ. ಆದ್ರೆ ಇದು ಅವಿಭಾಜ್ಯ ಸಂಖ್ಯೆ ಕಣ್ರೀ, 1 ಮತ್ತೆ ಅದೇ ಬಿಟ್ರೆ ಇನ್ಯಾವುದ್ರಿಂದ್ಲೂ ಭಾಗ ಹೋಗಲ್ಲ.

ಹೆಂಗೆ ಗೊತ್ತು ಅಂತೀರಾ? ಹೋದ ಮಳೆಗಾಲ ಮೂರು ದಿನ ಕರೆಂಟಿಲ್ಲ, ಫೋನೂ ಆಫ್, ಮೇಣದಬತ್ತಿ ಹಚ್ಕೊಂಡು ಭಾಗಾಕಾರ ಮಾಡ್ತಾ ಕೂತೆ. ಇದರ ವರ್ಗಮೂಲ 755 ಚಿಲ್ಲರೆ, ಅದಕ್ಕಿಂತ ದೊಡ್ಡ ಅಪವರ್ತನ ಇದ್ರೆ ಅದರ ಜೋಡಿ ಚಿಕ್ಕದೇ ಇರ್ಬೇಕಲ್ಲ, ಹಾಗಾಗಿ 751ರ ತನಕ ಇರೋ 133 ಅವಿಭಾಜ್ಯಗಳನ್ನ ನೋಡಿದ್ರೆ ಸಾಕು. ಒಂದೂ ಹೋಗಲಿಲ್ಲ. ಮನೆಯವ್ಳು ಮಾತ್ರ "ಒಳ್ಳೆ ಮೆಣಸು ಆರಿಸಿದ್ರೂ ಆಗ್ತಿತ್ತು" ಅಂದ್ಲು.

ಈಗ ನರ್ಸರಿ ಕಡೆ ಬನ್ನಿ. 571200 ಕಾಫಿ ಗಿಡದ ಬ್ಯಾಗ್ ಇದೆ ಅಂದ್ಕೊಳ್ಳಿ, ಸಾಲು ಸಮ ಇರೋ ಹಂಗೆ ಆಯತವಾಗಿ ಜೋಡಿಸ್ಬೇಕು. 571200ಕ್ಕೆ 168 ಭಾಜಕ ಇದೆ, ಅಂದ್ರೆ 84 ಥರ ಜೋಡಿಸ್ಬೋದು. ಇನ್ನೊಂದೇ ಒಂದು ಬ್ಯಾಗ್ ತಂದಿಡಿ, ಕತೆ ಮುಗೀತು, ಉದ್ದಕ್ಕೆ ಒಂದೇ ಸಾಲು! 571200ರಿಂದ ಒಂದು ಬ್ಯಾಗ್ ತೆಗೆದ್ರೂ ಅದೇ ಪಾಡು, ಯಾಕಂದ್ರೆ 571199 ಕೂಡ ಅವಿಭಾಜ್ಯ, ಇಂಥಾ ಜೋಡಿಗೆ ಅವಳಿ ಅವಿಭಾಜ್ಯ ಅಂತಾರೆ. ಈ ಸುತ್ತಿನ ಸಂಖ್ಯೆಗಳಲ್ಲಿ ಸರಾಸರಿ 13ಕ್ಕೊಂದು ಅವಿಭಾಜ್ಯ ಸಿಗುತ್ತೆ, ಹಿಂಗೆ ಅಕ್ಕಪಕ್ಕ ಸಿಗೋದು ಅಪರೂಪವೇ.

ನಂಗೆ ತುಂಬಾ ಇಷ್ಟ ಆಗಿದ್ದು ಬೇರೆ. ಆಯತ ಆಗದ ಆ 571201 ಬ್ಯಾಗನ್ನ ಎರಡು ಚೌಕ ಮಾಡಿ ಇಡ್ಬೋದು, ಒಂದು 176 ಸಾಲಿಗೆ 176, ಇನ್ನೊಂದು 735ಕ್ಕೆ 735. ಕೂಡಿ ನೋಡಿ, 30976 ಮತ್ತೆ 540225, ಸರಿಯಾಗಿ ಬರುತ್ತೆ. ಬೇರೆ ಎರಡು ಚೌಕದಲ್ಲಿ ಬರೋದೇ ಇಲ್ಲ. 4ರಿಂದ ಭಾಗಿಸಿ 1 ಉಳಿಯೋ ಯಾವ ಅವಿಭಾಜ್ಯಕ್ಕಾದ್ರೂ ಹಿಂಗೆ ಒಂದೇ ಒಂದು ಜೋಡಿ ಇರುತ್ತೆ ಅಂತ ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರ ಡಿಸೆಂಬರ್ 25ಕ್ಕೆ ಅಲ್ಲಿನ ಇನ್ನೊಬ್ಬ ಗಣಿತಜ್ಞ ಮೆರ್ಸೆನ್‌ಗೆ ಬರೆದ ಪತ್ರದಲ್ಲಿ ಹೇಳಿದ್ರು, ಸಾಧಿಸಿ ತೋರ್ಸೋಕೆ ನೂರು ವರ್ಷ ಬಿಟ್ಟು ಆಯ್ಲರ್ ಅನ್ನೋ ಗಣಿತಜ್ಞ ಬರ್ಬೇಕಾಯ್ತು. ಅವಳಿ ತಮ್ಮ 571199 ಇದಾನಲ್ಲ, ಅವನಿಗೆ 3 ಉಳಿಯುತ್ತೆ, ಪಾಪ ಅವನಿಗೆ ಈ ಭಾಗ್ಯ ಇಲ್ಲ.

ವಿರಾಜಪೇಟೆಯವ್ರು ನಮ್ದೇನು ಅಂತ ಕೈ ಎತ್ತಿದೀರಿ. 571218, ಸಮಸಂಖ್ಯೆ, ಅಲ್ಲಿಗೇ ಔಟ್. ಕುಶಾಲನಗರ, ಸೋಮವಾರಪೇಟೆನೂ ಹಂಗೇ. ಗೋಣಿಕೊಪ್ಪದ 571213 ಮಾತ್ರ ನನ್ನ ಚೆನ್ನಾಗಿ ಆಟ ಆಡಿಸ್ತು, 3, 7, 11, 13, 17, 19, 23 ಯಾವುದಕ್ಕೂ ಬಗ್ಗಲಿಲ್ಲ, ಇದೂ ಅವಿಭಾಜ್ಯನೇ ಅಂತ ಖುಷಿಪಡೋ ಹೊತ್ತಿಗೆ 29ಕ್ಕೆ ಸಿಕ್ಕಿಬಿತ್ತು.