ಜಿಪ್ ಮಾಡಿ ತನ್ನಿ ಮಾರಾಯ್ರೆ

ಈಗ ಕ್ಯಾಮೆರಾ ಎದುರು ಇಟ್ಟಿದ್ದೇನಲ್ಲ, ಇದು ಎಂಟು ಫ್ಲಾಪಿ. ಮೂರೂವರೆ ಇಂಚಿನದ್ದು, ಕಪ್ಪು. ಒಂದೊಂದರ ಲೇಬಲ್ ಮೇಲೂ ನನ್ನದೇ ಅಕ್ಷರದಲ್ಲಿ 1, 2, 3 ಅಂತ ನಂಬರ್ ಉಂಟು. ಆರನೆಯದರ ಮೇಲೆ ಮಾತ್ರ ಕೆಂಪು ಪೆನ್ನಿನ ಅಡ್ಡಗೀಟು. ಆ ಗೀಟು ಎಳೆದದ್ದು ಸಿಟ್ಟಿನಲ್ಲಿ.

1998ರ ಕಥೆ. ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಾಳಿಗೆಯಲ್ಲಿ ನಮ್ಮ ಡಿಟಿಪಿ ಸೆಂಟರ್. ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಕರೆಂಟ್ ಇದ್ದರೆ ಒಂದು ಫ್ಯಾನ್. ಮದುವೆ ಕಾಗದ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು, ಗೃಹಪ್ರವೇಶದ ಕಾರ್ಡು, ಇದೆಲ್ಲ ಇಲ್ಲೇ ಟೈಪ್ ಆಗ್ತಿತ್ತು. ದೊಡ್ಡ ಕೆಲಸವಾದರೆ ಪ್ರಿಂಟ್ ಮಂಗಳೂರಿನಲ್ಲಿ. ಆ ಸಲ ಬಂದದ್ದು ಒಂದು ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆ. ಫೋಟೊ ಎಲ್ಲ ಸೇರಿ 20 ಎಂಬಿ ದಾಟಿತ್ತು. ಒಂದು ಫ್ಲಾಪಿಗೆ ಹಿಡಿಯುವುದು 1.44 ಎಂಬಿ. ನಮ್ಮಲ್ಲಿ ಸಿಡಿ ರೈಟರ್ ಇಲ್ಲ, ಪೆನ್‌ಡ್ರೈವ್ ಅಂತ ಒಂದು ವಸ್ತು ಲೋಕದಲ್ಲೇ ಇರಲಿಲ್ಲ.

ಹಾಗಾಗಿ ಎಆರ್‌ಜೆ. ರಾಬರ್ಟ್ ಜಂಗ್ ಅನ್ನುವವರು ಬರೆದ ಡಾಸ್ ಪ್ರೋಗ್ರಾಂ. ಡಾಸ್ ಅಂದ್ರೆ ಮೌಸ್ ಇಲ್ಲದೆ, ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಹಳೆಯ ವ್ಯವಸ್ಥೆ. ಅದರ ಗುಣ ಎಂತ ಅಂದ್ರೆ, ಫೈಲನ್ನು ಕುಗ್ಗಿಸುತ್ತಾ ಕುಗ್ಗಿಸುತ್ತಾ ಫ್ಲಾಪಿ ಅಳತೆಗೆ ತುಂಡು ಮಾಡಿಕೊಂಡು ಹೋಗ್ತದೆ. ಒಂದು ತುಂಬಿದ ಕೂಡಲೇ ಬೀಪ್ ಅಂತ ಕೂಗಿ ಮುಂದಿನದ್ದು ಹಾಕು ಅಂತದೆ. ಎಂಟು ಫ್ಲಾಪಿಗೆ ಕೆಲಸ ಮುಗಿಯಿತು. ರಬ್ಬರ್ ಬ್ಯಾಂಡ್ ಹಾಕಿ, ಊಟದ ಬುತ್ತಿಯ ಜೊತೆ ಚೀಲಕ್ಕೆ ಹಾಕಿ, ತಲಪಾಡಿಯಲ್ಲಿ ಕೇರಳದ ಗಡಿ ದಾಟಿ, ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿಕೊಂಡು ಹೋದೆ. ಪ್ರೆಸ್ಸಿನ ಹುಡುಗ ಮೊದಲನೇ ಫ್ಲಾಪಿ ಹಾಕಿ ನೋಡಿದ, ನನ್ನ ಮುಖ ನೋಡಿದ. “ನಮ್ಮಲ್ಲಿ ಎಆರ್‌ಜೆ ಇಲ್ಲ. ಜಿಪ್ ಮಾಡಿ ತನ್ನಿ ಮಾರಾಯ್ರೆ.”

ಜಿಪ್ ಅಂದ್ರೆ ಫೈಲ್ ಕುಗ್ಗಿಸಿ ಗಂಟು ಕಟ್ಟುವ ಇನ್ನೊಂದು ರೀತಿ. ಅವನ ಆ ಒಂದು ಮಾತಿನ ಮೇಲೆಯೇ ಇವತ್ತಿನ ಎಪಿಸೋಡು. ಫೈಲ್ ಕಂಪ್ರೆಶನ್ನಿನ ಚರಿತ್ರೆ ಹೇಳುವವರೆಲ್ಲ ಯಾರು ಎಷ್ಟು ಕುಗ್ಗಿಸಿದರು ಅಂತ ಲೆಕ್ಕ ಹಾಕ್ತಾರೆ. ನನ್ನ ಪ್ರಕಾರ ಆ ಲೆಕ್ಕವೇ ತಪ್ಪು. ಗಡಿಯ ಈಚೆ ಕಟ್ಟಿದ ಗಂಟು ಆಚೆ ಬಿಚ್ಚಲಿಕ್ಕೆ ಬರ್ತದಾ ಇಲ್ಲವಾ, ಅದನ್ನು ಕೇಳಬೇಕು.

ಕುಗ್ಗಿಸುವುದು ಅಂದ್ರೆ ಎಂತ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಭಜನೆ ಪುಸ್ತಕ ತೆಗೆದು ನೋಡಿ. ಪಲ್ಲವಿಯನ್ನು ಮೇಲೆ ಒಮ್ಮೆ ಪೂರ್ತಿ ಅಚ್ಚು ಹಾಕಿರ್ತಾರೆ. ಮತ್ತೆ ಪ್ರತಿ ಚರಣದ ಕೊನೆಗೆ ಬರೀ ‘॥ಪ॥’. ಹಾಡುವವನಿಗೆ ಅಷ್ಟು ಸಾಕು, ಮೇಲೆ ಹೋಗಿ ತಕ್ಕೊಂಡು ಬರ್ತಾನೆ. ಇಸ್ರೇಲಿನ ಹೈಫಾದಲ್ಲಿ ಟೆಕ್ನಿಯಾನ್ ಸಂಸ್ಥೆಯ ಅಬ್ರಹಾಂ ಲೆಂಪೆಲ್, ಜೇಕಬ್ ಜಿವ್ ಅಂತ ಇಬ್ಬರು 1977ರಲ್ಲಿ ಪ್ರಕಟಿಸಿದ ಉಪಾಯ ಹೆಚ್ಚುಕಡಿಮೆ ಇದುವೇ. ಮೊದಲೇ ಬಂದ ತುಂಡು ಪುನಃ ಬಂದರೆ ಅದನ್ನೇ ಬರೀಬೇಡ, ಇಷ್ಟು ಹಿಂದೆ ಹೋಗು, ಇಷ್ಟು ಅಕ್ಷರ ತೆಗೆ ಅಂತ ಬರೆ. ಅದಕ್ಕೂ ಮುಂಚೆ, 1952ರಲ್ಲಿ, ಡೇವಿಡ್ ಹಫ್‌ಮನ್ ಇನ್ನೊಂದು ಉಪಾಯ ಪ್ರಕಟಿಸಿದ್ದ. ಹೆಚ್ಚು ಸಲ ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದದ್ದು. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ವಾ? ದಿನಕ್ಕೆ ನೂರು ಸಲ ಕರೆಯುವ ಸುಬ್ರಹ್ಮಣ್ಯ ಸುಬ್ಬ ಆಗ್ತಾನೆ. ವರ್ಷಕ್ಕೊಮ್ಮೆ ಬರುವವರು ಮಾತ್ರ ‘ಬದಿಯಡ್ಕದ ದೊಡ್ಡಮ್ಮನ ಎರಡನೇ ಅಳಿಯ’. ಹಫ್‌ಮನ್ ಇದನ್ನು ಕಂಡುಹಿಡಿದದ್ದು ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ. ಪರೀಕ್ಷೆ ಬರೆಯುವುದರ ಬದಲು ಪ್ರಬಂಧ ಕೊಡಬಹುದು ಅಂತ ಮೇಷ್ಟ್ರು ಹೇಳಿದ್ದರು. ಆ ಮೇಷ್ಟ್ರು ರಾಬರ್ಟ್ ಫಾನೊ, ಇದೇ ಸಮಸ್ಯೆಯ ಬೆನ್ನು ಬಿದ್ದವರು. ಶಿಷ್ಯ ಅವರನ್ನೂ ಮೀರಿಸಿದ.

ವಿದ್ಯೆ ಇವರದ್ದು. ಅದನ್ನು ನಮ್ಮ ನಿಮ್ಮ ಪಿಸಿಗೆ ತಂದವರ ಕಥೆ ಸ್ವಲ್ಪ ಗಲೀಜು.

1985ರಲ್ಲಿ ಟಾಮ್ ಹೆಂಡರ್‌ಸನ್ ಅನ್ನುವವರ ಸಣ್ಣ ಕಂಪೆನಿ, ಎಸ್‌ಇಎ, ಎಆರ್‌ಸಿ ಅಂತ ಫೈಲ್ ಕುಗ್ಗಿಸುವ ಒಂದು ಪ್ರೋಗ್ರಾಂ ಬಿಟ್ಟಿತು. ಆಗ ಫೋನ್ ಲೈನಿನಲ್ಲಿ ಮೋಡೆಮ್ ಹಾಕಿ ಫೈಲ್ ಇಳಿಸುವ ಕಾಲ, ನಿಮಿಷಕ್ಕಿಷ್ಟು ದುಡ್ಡು. ಸೋರ್ಸ್ ಕೋಡನ್ನೂ, ಅಂದ್ರೆ ಪ್ರೋಗ್ರಾಮಿನ ಮೂಲ ಬರಹವನ್ನೂ, ಅವರು ನೋಡಲಿಕ್ಕೆ ಕೊಟ್ಟಿದ್ದರು. ಮಿಲ್ವಾಕಿಯಲ್ಲಿ ತಾಯಿಯ ಮನೆಯಲ್ಲಿ ಕೂತು ಪ್ರೋಗ್ರಾಂ ಬರೆಯುತ್ತಿದ್ದ ಫಿಲ್ ಕಾಟ್ಜ್ ಅದನ್ನು ತಕ್ಕೊಂಡು, ಮುಖ್ಯ ಭಾಗಗಳನ್ನು ಯಂತ್ರದ ಭಾಷೆಗೆ ಹತ್ತಿರವಾದ ಅಸೆಂಬ್ಲಿ ಭಾಷೆಯಲ್ಲಿ ಬರೆದು, ತುಂಬಾ ವೇಗ ಮಾಡಿ ಪಿಕೆಆರ್ಕ್ ಅಂತ ಬಿಟ್ಟ. ಜನ ಅದರ ಹಿಂದೆ ಹೋದರು. 1988ರಲ್ಲಿ ಎಸ್‌ಇಎ ಕೋರ್ಟಿಗೆ ಹೋಯಿತು. ಎರಡೂ ಕೋಡನ್ನು ಹೋಲಿಸಿ ನೋಡಿದಾಗ, ಕೋಡಿನ ಮಧ್ಯೆ ಬರೆದಿಟ್ಟ ಟಿಪ್ಪಣಿಗಳ ಸ್ಪೆಲಿಂಗ್ ತಪ್ಪುಗಳು ಕೂಡ ಹಾಗೆಯೇ ಇಳಿದಿದ್ದವಂತೆ. ಪ್ರೂಫ್ ನೋಡಿ ಗೊತ್ತಿದ್ದವರಿಗೆ ನಗು ಬರ್ತದೆ. ನಕಲು ಹೊಡೆದವನು ಸಿಕ್ಕಿಬೀಳುವುದು ಸರಿ ಇದ್ದ ಸಾಲಿನಲ್ಲಲ್ಲ, ತಪ್ಪು ಇದ್ದ ಸಾಲಿನಲ್ಲಿ. ಕಾಟ್ಜ್ ದುಡ್ಡು ಕೊಟ್ಟು ರಾಜಿ ಮಾಡಿಕೊಂಡ.

ಆದರೆ ಜನ ನಿಂತದ್ದು ಕಾಟ್ಜ್ ಕಡೆಗೆ. ದೊಡ್ಡ ಕಂಪೆನಿ ಬಡ ಹುಡುಗನನ್ನು ತುಳಿಯಿತು ಅಂತ ಸುದ್ದಿ ಹಬ್ಬಿತು. ಎಸ್‌ಇಎ ಕೂಡ ಮನೆಮಂದಿ ನಡೆಸುವ ಸಣ್ಣ ಅಂಗಡಿ ಅಂತ ಯಾರಿಗೂ ಬೇಕಾಗಿರಲಿಲ್ಲ. ಹಾಗಾಗಿ ಕಾಟ್ಜ್‌ನನ್ನು ದೇವರು ಮಾಡುವ ವಿಡಿಯೊ ನೋಡಿದರೆ ನನಗೆ ಕಿರಿಕಿರಿ. ಹೆಂಡರ್‌ಸನ್‌ಗೆ ಆದದ್ದು ಅನ್ಯಾಯವೇ.

ಅದು ಹಾಗಿರಲಿ. 1989ರಲ್ಲಿ ಅದೇ ಕಾಟ್ಜ್ ಒಂದು ಕೆಲಸ ಮಾಡಿದ. ಪಿಕೆಜಿಪ್ ಬಿಡುವಾಗ ಜಿಪ್ ಫೈಲಿನ ಒಳಗೆ ಯಾವ ಬೈಟ್ ಎಲ್ಲಿ ಕೂರ್ತದೆ ಅನ್ನುವುದನ್ನು ಪೂರ್ತಿ ಬರೆದು ಲೋಕಕ್ಕೆ ಬಿಟ್ಟುಕೊಟ್ಟ. ಯಾರು ಬೇಕಾದರೂ ಜಿಪ್ ಮಾಡುವ, ಬಿಡಿಸುವ ಪ್ರೋಗ್ರಾಂ ಬರೆಯಬಹುದು, ನನ್ನನ್ನು ಕೇಳಬೇಕಾಗಿಲ್ಲ ಅಂತ. 1993ರಲ್ಲಿ ಲೆಂಪೆಲ್-ಜಿವ್ ಮತ್ತು ಹಫ್‌ಮನ್ ಎರಡನ್ನೂ ಜೋಡಿಸಿದ ಡಿಫ್ಲೇಟ್ ವಿಧಾನ ಪಿಕೆಜಿಪ್ 2ರ ಜೊತೆ ಬಂತು. ಅದರ ವಿವರವೂ ಎಲ್ಲರಿಗೂ ಸಿಕ್ಕಿತು. ಜಾನ್-ಲೂ ಗೈಲಿ, ಮಾರ್ಕ್ ಆಡ್ಲರ್ ಅದನ್ನೇ ಇಟ್ಟುಕೊಂಡು ಜಿಜಿಪ್ ಅನ್ನುವ ಕುಗ್ಗಿಸುವ ಪ್ರೋಗ್ರಾಂ ಬರೆದರು, ಬೇರೆ ಪ್ರೋಗ್ರಾಂಗಳ ಒಳಗೆ ಸೇರಿಸಿಕೊಳ್ಳಬಹುದಾದ ಜೀಲಿಬ್ ಬರೆದರು. ಪಿಎನ್‌ಜಿ ಚಿತ್ರದ ಒಳಗೆ ಇರುವುದೂ ಅದುವೇ. ನಿಕೊ ಮ್ಯಾಕ್ ವಿನ್‌ಜಿಪ್ ಮಾಡಿದ್ದರಿಂದ ಡಾಸ್ ಕಮಾಂಡ್ ಗೊತ್ತಿಲ್ಲದವರಿಗೂ ಮೌಸಿನಲ್ಲಿ ಕೆಲಸ ಆಯಿತು.

ಒಂದು ಪರೀಕ್ಷೆ ಮಾಡಿ. ನಿಮ್ಮ ಹತ್ತಿರ ಇರುವ ಒಂದು ವರ್ಡ್‌ನ ಡಾಕ್ಸ್ (.docx) ಫೈಲನ್ನು ನೋಟ್‌ಪ್ಯಾಡಿನಲ್ಲಿ ಎಳೆದು ಹಾಕಿ. ಕಸ ಕಾಣ್ತದೆ, ಸರಿ. ಆ ಕಸದ ಮೊಟ್ಟಮೊದಲ ಎರಡು ಅಕ್ಷರ ನೋಡಿ: ಪಿ, ಕೆ. ಫಿಲ್ ಕಾಟ್ಜ್. ವರ್ಡ್ ಫೈಲು, ಎಕ್ಸೆಲ್ ಫೈಲು, ಇಪಬ್ ಪುಸ್ತಕ, ಆಂಡ್ರಾಯ್ಡ್ ಫೋನಿಗೆ ಇಳಿಸುವ ಎಪಿಕೆ, ಎಲ್ಲವೂ ಒಳಗಿನಿಂದ ಜಿಪ್. ಆ ಮನುಷ್ಯ ಕುಡಿತಕ್ಕೆ ಬಿದ್ದು 2000ದ ಏಪ್ರಿಲಿನಲ್ಲಿ ಮಿಲ್ವಾಕಿಯ ಒಂದು ಹೊಟೇಲ್ ರೂಮಿನಲ್ಲಿ ಸತ್ತ. ವಯಸ್ಸು 37.

ಈಗ ಕುಗ್ಗಿಸುವ ಇನ್ನೊಂದು ಜಾತಿಯಾದ ರಾರ್‌ನ ಅಭಿಮಾನಿಗಳು ಬರ್ತಾರೆ ಕಮೆಂಟಿಗೆ, ಗೊತ್ತುಂಟು. ಯೂಜೀನ್ ರೋಶಲ್‌ನ ರಾರ್ ಜಿಪ್‌ಗಿಂತ ಚೆನ್ನಾಗಿ ಕುಗ್ಗಿಸ್ತದೆ, ಒಪ್ಪಿದೆ. ರಾರ್ ಮಾಡುವ ವಿನ್‌ರಾರ್ ಪ್ರೋಗ್ರಾಮಿನ, ಮೂರು ಪುಸ್ತಕಕ್ಕೆ ಬೆಲ್ಟ್ ಕಟ್ಟಿದ ಆ ಚಿತ್ರ ಇಲ್ಲದ ಕಂಪ್ಯೂಟರನ್ನು ನಾನು ಹತ್ತು ವರ್ಷ ನೋಡಿರಲಿಲ್ಲ. ‘40 ದಿನ ಮಾತ್ರ ಪುಕ್ಕಟೆ’ ಅಂತ ಹೇಳಿ ಇಪ್ಪತ್ತು ವರ್ಷ ಬಿಟ್ಟಿ ಉಣಬಡಿಸಿದ ಛತ್ರ ಅದು. ಆದರೆ ರಾರ್ ಮಾಡುವ ಪ್ರೋಗ್ರಾಂ ಬೇರೆಯವರು ಬರೆಯುವ ಹಾಗಿಲ್ಲ, ಬಿಡಿಸುವುದನ್ನು ಮಾತ್ರ ಬರೆಯಬಹುದು. ನಮ್ಮ ಕಡೆಯ ಶಾಲೆಗಳಲ್ಲಿ ವರ್ಷಗಳಿಂದ ವಿಂಡೋಸ್ ಬದಲು ಲಿನಕ್ಸ್. ಕೇರಳದ ವ್ಯವಸ್ಥೆ ಹಾಗೆ, ಕನ್ನಡ ಮೀಡಿಯಂ ಶಾಲೆಗೂ ಅದುವೇ. ಮಂಗಳೂರಿನ, ಪುತ್ತೂರಿನ ಗೆಳೆಯರು ಕನ್ನಡ ಪ್ರಶ್ನೆಪತ್ರಿಕೆ ಕಳಿಸ್ತಾರೆ, ಪ್ರೀತಿಯಿಂದಲೇ, ರಾರ್ ಮಾಡಿ. ಇಲ್ಲಿನ ಟೀಚರ್ ಒತ್ತಿದರೆ ತೆರೆಯುವುದಿಲ್ಲ. ಟೀಚರ್ ನನಗೆ ಫೋನ್ ಮಾಡ್ತಾರೆ. ನಾನು ಅವತ್ತಿನ ಪ್ರೆಸ್ಸಿನ ಹುಡುಗನ ಮಾತನ್ನೇ ಹೇಳ್ತೇನೆ.

ಮುಚ್ಚಿದ ಫಾರ್ಮ್ಯಾಟಿನ ಗತಿ ನೋಡಬೇಕಾದರೆ 2019ರದ್ದು ಉಂಟು. ಎಸಿಇ ಅಂತ ಹಳೆಯ ಒಂದು ಜಾತಿಯ ಫೈಲು. ಅದನ್ನು ಬಿಡಿಸಲಿಕ್ಕೆ ವಿನ್‌ರಾರ್ ಹೊರಗಿನವರು ಬರೆದ ಒಂದು ಡಿಎಲ್‌ಎಲ್, ಅಂದ್ರೆ ಪ್ರೋಗ್ರಾಮಿನ ಬಿಡಿ ಭಾಗ, ಇಟ್ಟುಕೊಂಡಿತ್ತು. ಅದರ ಭದ್ರತೆಯಲ್ಲಿ ದೊಡ್ಡ ತೂತು ಸಿಕ್ಕಿತು. ಸರಿ ಮಾಡೋಣ ಅಂದ್ರೆ ಸೋರ್ಸ್ ಕೋಡ್ ವಿನ್‌ರಾರ್ ಹತ್ತಿರವೂ ಇಲ್ಲ! ಕೊನೆಗೆ ಎಸಿಇ ಬಿಡಿಸುವುದನ್ನೇ ಕೈಬಿಟ್ಟರು. ಹೆಚ್ಚು ಕುಗ್ಗಿಸಲೇಬೇಕು ಅನ್ನುವವರಿಗೆ ಇಗೊರ್ ಪಾವ್ಲೊವ್‌ನ 7-ಜಿಪ್ ಉಂಟಲ್ಲ. 1999ರಿಂದ ಉಂಟು, ಬಿಟ್ಟಿ, ಕೋಡೂ ತೆರೆದೇ ಉಂಟು.

ಜಿಪ್ ಕೂಡ ನಮಗೆ ಪೂರ್ತಿ ನ್ಯಾಯ ಮಾಡಲಿಲ್ಲ, ಅದನ್ನೂ ಹೇಳಬೇಕು. ಫೈಲಿನ ಹೆಸರನ್ನು ಎಲ್ಲ ಭಾಷೆಯ ಅಕ್ಷರಗಳೂ ಇರುವ ಯುನಿಕೋಡಿನಲ್ಲಿ ಬರೆಯುವ ಗುರುತು ಜಿಪ್‌ನ ನಿಯಮಕ್ಕೆ ಸೇರಿದ್ದು 2006ರಲ್ಲಿ. ಅದಾದ ಮೇಲೂ ಎಷ್ಟೋ ವರ್ಷ ವಿಂಡೋಸಿನಲ್ಲಿ ಕನ್ನಡ ಹೆಸರಿಟ್ಟ ಫೈಲನ್ನು ಜಿಪ್ ಮಾಡಲಿಕ್ಕೆ ಹೋದರೆ, ಈ ಅಕ್ಷರ ಆಗುವುದಿಲ್ಲ, ಹೆಸರು ಬದಲಿಸಿ ಅಂತ ಹಿಂದೆ ಕಳಿಸ್ತಿತ್ತು. ಹೆಸರು ಬದಲಿಸುವುದು ನಮಗೇನು ಹೊಸತಲ್ಲ, ಬಿಡಿ. ಬಸ್ಸಿನ ಬೋರ್ಡಿನಲ್ಲಿ ಮಂಜೇಶ್ವರ ‘ಮಂಜೇಶ್ವರಂ’ ಆದದ್ದನ್ನು ದಿನಾ ನೋಡ್ತೇವೆ. ತಮಾಷೆ ಎಂತ ಅಂದ್ರೆ, ಹೆಸರನ್ನು ಒಪ್ಪದ ಜಿಪ್‌ಗೆ ಒಳಗಿನ ಕನ್ನಡ ಬಹಳ ಇಷ್ಟ. ಯುನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಮೊದಲನೇ ಬೈಟ್ ಎಲ್ಲದಕ್ಕೂ ಒಂದೇ, ಎರಡನೆಯದಕ್ಕೆ ಎರಡೇ ಆಯ್ಕೆ. ಪಲ್ಲವಿ ಪುನಃ ಪುನಃ ಬಂದ ಹಾಗೆ ಬರ್ತಾ ಇರ್ತದೆ, ಜಿಪ್ ಅದನ್ನೆಲ್ಲ ನುಂಗಿ ಕೂರ್ತದೆ.

ಫ್ಲಾಪಿ ಕಥೆ ಅರ್ಧಕ್ಕೆ ಬಿಟ್ಟೆ. ಮರುದಿನ ಎಆರ್‌ಜೆ ಪ್ರೋಗ್ರಾಮನ್ನೇ ಒಂಬತ್ತನೇ ಫ್ಲಾಪಿಗೆ ಹಾಕಿಕೊಂಡು ಪುನಃ ಮಂಗಳೂರಿಗೆ ಹೋದೆ. ಒಂದರಿಂದ ಐದು ಸಲೀಸಾಗಿ ಇಳಿಯಿತು. ಆರನೆಯದು ಕಟ್ ಕಟ್ ಕಟ್ ಅಂತ ಸದ್ದು ಮಾಡಿ ನಿಂತಿತು, ಬ್ಯಾಡ್ ಸೆಕ್ಟರ್, ಅಂದ್ರೆ ಫ್ಲಾಪಿಯ ಒಂದು ಜಾಗ ಕೆಟ್ಟು ಓದಲಿಕ್ಕೆ ಆಗದಾಗಿತ್ತು. ಕುಗ್ಗಿಸಿದ ಫೈಲಿನ ಕಷ್ಟ ಅದು. ಪಲ್ಲವಿ ಇದ್ದ ಹಾಳೆಯೇ ಹರಿದರೆ ಕೆಳಗಿನ ‘॥ಪ॥’ಗಳನ್ನು ಇಟ್ಟುಕೊಂಡು ಎಂತ ಮಾಡುವುದು? ಕೆಂಪು ಗೀಟು ಎಳೆದದ್ದು ಅಲ್ಲೇ, ಪ್ರೆಸ್ಸಿನ ಮೇಜಿನ ಮೇಲೆ. ಮೂರನೇ ದಿನ ಜಿಪ್, ಅದೂ ಎರಡೆರಡು ಸೆಟ್. ಸಂಚಿಕೆ ಹೊರಗೆ ಬಂದದ್ದು ಕಲಶದ ಹಿಂದಿನ ದಿನ ರಾತ್ರಿ.

ಕಳೆದ ತಿಂಗಳು ಅಟ್ಟ ಗುಡಿಸುವಾಗ ಬಿಸ್ಕತ್ತಿನ ಡಬ್ಬಿಯಲ್ಲಿ ಇವು ಸಿಕ್ಕಿದವು. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ, ಈಗಿನ ಕಂಪ್ಯೂಟರಿನಲ್ಲಿ ಹಳೆ ಡಾಸ್ ಪ್ರೋಗ್ರಾಂ ನಡೆಸುವ ಡಾಸ್‌ಬಾಕ್ಸಿನಲ್ಲಿ ಅದೇ ಎಆರ್‌ಜೆ ಓಡಿಸಿದೆ. ಇಪ್ಪತ್ತೈದು ವರ್ಷ ದಾಟಿದ ಮೇಲೂ ಐದು ಫ್ಲಾಪಿ ಓದಿತು. ಗರ್ಭಗುಡಿಯ ಫೋಟೊ ಬಂತು, ಅಧ್ಯಕ್ಷರ ಮಾತು ಬಂತು. ಆ ಕಾಲದ ಫಾಂಟ್ ಹುಡುಕಿ ಹಾಕುವವರೆಗೆ ಅಧ್ಯಕ್ಷರು ಚೀನೀ ಭಾಷೆಯೋ ಎಂತದೋ ಮಾತಾಡ್ತಿದ್ದರು, ಅದು ಬೇರೆ. ಆರನೆಯದು ಹಾಕಿದೆ.

ಕಟ್ ಕಟ್ ಕಟ್. ದಾನಿಗಳ ಪಟ್ಟಿ ಇದ್ದದ್ದು ಅದರಲ್ಲೇ.