ಒಂಟಿಯಾಗಿ ಏಳುವ ಡಿಸ್ಕ್ ಜೋಡಿಯಾಗಿ ಏಕೆ ಏಳುವುದಿಲ್ಲ?

[ದೃಶ್ಯ: ಹಿಂಬದಿಯ ಮುಚ್ಚಳ ತೆಗೆದ ಲ್ಯಾಪ್‌ಟಾಪ್, ಪಕ್ಕದಲ್ಲಿ ಎರಡು ಎಸ್‌ಎಸ್‌ಡಿ]

ನಮಸ್ಕಾರ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೋಣೆ ಹಿಡಿದು ಎಂಜಿನಿಯರಿಂಗ್ ಓದುತ್ತಿರುವ ವೀಕ್ಷಕರೊಬ್ಬರು ಕಳೆದ ವಾರ ಒಂದೇ ಸಾಲಿನ ಧ್ವನಿಸಂದೇಶ ಕಳಿಸಿದ್ದರು: "ಸರ್, ಒಂದೊಂದ ಹಾಕಿದ್ರ ಏಳತೈತಿ, ಎರಡೂ ಹಾಕಿದ್ರ ಏಳವಲ್ದು." ತಮ್ಮ 256 ಜಿಬಿಯ ಎಸ್‌ಎಸ್‌ಡಿ ತುಂಬಿಹೋಗಿದ್ದರಿಂದ ಅವರು 1 ಟಿಬಿಯ ಹೊಸದೊಂದನ್ನು ತಂದು, ಹಳೆಯದರಲ್ಲಿದ್ದುದೆಲ್ಲವನ್ನೂ ಅದಕ್ಕೆ ಕ್ಲೋನ್ ಮಾಡಿ, ಅಂದರೆ ಇದ್ದಂತೆಯೇ ನಕಲಿಸಿ, ಲ್ಯಾಪ್‌ಟಾಪಿನ ಎರಡನೇ ಸ್ಲಾಟಿನಲ್ಲಿ ಕೂಡಿಸಿದ್ದರು. ಹಳೆಯದೊಂದೇ ಇದ್ದರೆ ವಿಂಡೋಸ್ ಬರುತ್ತದೆ, ಹೊಸದೊಂದೇ ಇದ್ದರೂ ಬರುತ್ತದೆ. ಎರಡೂ ಇದ್ದಾಗ ಮಾತ್ರ ಲೋಗೊ ಮೂಡಿ, ಚುಕ್ಕೆಗಳು ನಾಲ್ಕು ಸುತ್ತು ತಿರುಗಿ, ಮತ್ತೆ ಲೋಗೊಗೇ ಬಂದು ನಿಲ್ಲುತ್ತದೆ. ಇಬ್ಬರೂ ಒಳ್ಳೆಯವರೇ, ಒಂದೇ ಮನೆಯಲ್ಲಿಟ್ಟರೆ ಮಾತ್ರ ತಂಟೆ. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇದು ಹೊಸದಲ್ಲ, ಆದರೆ ಯಂತ್ರಕ್ಕೇನಾಯಿತು ಎಂಬ ಪ್ರಶ್ನೆ ನನ್ನನ್ನು ಎರಡು ರಾತ್ರಿ ಕಾಡಿತು.

ಮೊದಲು ಕೈಗೆ ಸಿಗುವ ಕಾರಣಗಳನ್ನು ಬೇಗ ಮುಗಿಸೋಣ. ಲೋಗೊ ಕೂಡ ಬಾರದೆ ಪರದೆ ಕಪ್ಪಾಗಿಯೇ ಉಳಿದರೆ, ಚಾರ್ಜರ್ ಮತ್ತು ಬ್ಯಾಟರಿಯ ಕನೆಕ್ಟರ್ ಎರಡನ್ನೂ ಕಿತ್ತು ಹೊಸ ಎಸ್‌ಎಸ್‌ಡಿಯನ್ನು ಹೊರತೆಗೆಯಿರಿ. ಆಗಲೂ ಏಳದಿದ್ದರೆ ತಪ್ಪು ಎಸ್‌ಎಸ್‌ಡಿಯದಲ್ಲ. ಮುಚ್ಚಳ ತೆಗೆಯುವಾಗ ನಿಮ್ಮ ಕೈ ತಾಗಿ ರ‍್ಯಾಮ್ ಸಡಿಲವಾಗಿರಬಹುದು, ಇಲ್ಲವೇ ಯಾವುದೋ ಪಟ್ಟಿ ಕೇಬಲ್ ಅರ್ಧ ಕಳಚಿರಬಹುದು. ಬ್ಯಾಟರಿ ಕಿತ್ತು ಹಾಕಿದ ಮೇಲೆ ಕೆಲವು ಹೊಸ ಲ್ಯಾಪ್‌ಟಾಪ್‌ಗಳು, ಅದರಲ್ಲೂ ಡಿಡಿಆರ್5 ರ‍್ಯಾಮ್ ಇರುವಂಥವು, ಮೊದಲ ಸಲ ಒಂದೆರಡು ನಿಮಿಷ ಕಪ್ಪು ಪರದೆಯಲ್ಲೇ ಕುಳಿತಿರುತ್ತವೆ. ಅಷ್ಟರೊಳಗೆ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಇನ್ನು, ಎಂ.2 (ತೆಳು ಪಟ್ಟಿಯಂಥ ಎಸ್‌ಎಸ್‌ಡಿಯ ನಮೂನೆ) ಎಂದು ಬರೆದಿರುವುದೆಲ್ಲ ಒಂದೇ ಜಾತಿಯಲ್ಲ. ಅಂಚಿನಲ್ಲಿ ಎರಡು ಕಚ್ಚುಗಳಿದ್ದರೆ ಅದು ಸಾಮಾನ್ಯವಾಗಿ ಸಾಟಾ ಎಂಬ ಹಳೆಯ ಸಂಪರ್ಕ ಪದ್ಧತಿಯದು, ಒಂದೇ ಇದ್ದರೆ ಬಹುತೇಕ ಎನ್‌ವಿಎಂಇ ಎಂಬ ಹೊಸ ಪದ್ಧತಿಯದು. ಎನ್‌ವಿಎಂಇ ಮಾತ್ರ ಗುರುತಿಸುವ ಸ್ಲಾಟಿಗೆ ಸಾಟಾ ಹಾಕಿದರೆ ಅದು ಸುಮ್ಮನೆ ಕಾಣುವುದೇ ಇಲ್ಲ.

ನಮ್ಮ ವೀಕ್ಷಕರಿಗೆ ಲೋಗೊ ಬರುತ್ತಿತ್ತು, ಎಫ್2 ಒತ್ತಿದಾಗ ಬಯೋಸ್ ಪರದೆಯಲ್ಲಿ ಎರಡೂ ಡಿಸ್ಕ್‌ಗಳು ಕಾಣುತ್ತಿದ್ದವು. ಅಂದರೆ ಸ್ಕ್ರೂಡ್ರೈವರಿನ ಕೆಲಸ ಮುಗಿದಿದೆ, ಮುಂದಿನದು ಹೆಸರಿನ ವ್ಯವಹಾರ.

[ದೃಶ್ಯ: ಬೂಟ್ ಪಟ್ಟಿ, ಅಂದರೆ ಯಂತ್ರ ಯಾವುದರಿಂದ ಏಳಬೇಕೆಂಬ ಪಟ್ಟಿ, "ವಿಂಡೋಸ್ ಬೂಟ್ ಮ್ಯಾನೇಜರ್" ಎಂಬ ಸಾಲು]

ರೂಢಿಯಲ್ಲಿ ನಾವು ಬಯೋಸ್ ಎನ್ನುವ, ನಿಜವಾಗಿ ಯುಇಎಫ್‌ಐ ಎಂಬ ಹೆಸರಿನ ಫರ್ಮ್‌ವೇರ್ (ಮದರ್‌ಬೋರ್ಡಿನೊಳಗೇ ಇದ್ದು ಯಂತ್ರವನ್ನು ಎಬ್ಬಿಸುವ ತಂತ್ರಾಂಶ), ವಿಂಡೋಸ್ ಎಲ್ಲಿದೆ ಎಂದು ಪ್ರತಿಸಲವೂ ಡಿಸ್ಕ್ ಜಾಲಾಡುವುದಿಲ್ಲ. ಮದರ್‌ಬೋರ್ಡಿನಲ್ಲಿರುವ ಒಂದು ಚಿಕ್ಕ ಸ್ಮೃತಿಯಲ್ಲಿ ಅದು ವಿಳಾಸವನ್ನು ಬರೆದಿಟ್ಟುಕೊಂಡಿರುತ್ತದೆ. ಆ ವಿಳಾಸ ತೋರಿಸುವುದು ಇಎಫ್‌ಐ ವಿಭಾಗವೆಂಬ, ವಿಂಡೋಸ್ ಸಾಮಾನ್ಯವಾಗಿ 100 ಎಂಬಿಯಷ್ಟೇ ಜಾಗ ಕೊಟ್ಟು ಫ್ಯಾಟ್32 ಪದ್ಧತಿಯಲ್ಲಿ ಮಾಡಿಟ್ಟಿರುವ, ತನ್ನನ್ನು ಎಬ್ಬಿಸುವ ಕಡತಗಳಿರುವ, ಡಿಸ್ಕಿನ ಒಂದು ಮೂಲೆಯನ್ನು. ವಿಳಾಸದಲ್ಲಿ "ಎಡಗಡೆಯ ಸ್ಲಾಟು, ಎರಡನೇ ಮನೆ" ಎಂದಷ್ಟೇ ಇರುವುದಿಲ್ಲ. ಆ ವಿಭಾಗದ ಜಿಯುಐಡಿ, ಅಂದರೆ 32 ಅಂಕಿ-ಅಕ್ಷರಗಳ ಒಂದು ಗುರುತು ಇರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಇಡೀ ವಿಡಿಯೋದಲ್ಲಿ ನನಗೆ ಇಷ್ಟವಾದ ಭಾಗ ಇದೇ. ನಮ್ಮ ಕಡೆ ಒಂದು ತರಗತಿಯಲ್ಲಿ ಮೂವರು ಬಸವರಾಜರಿರುವುದು ತೀರ ಸಾಮಾನ್ಯ, ಆದರೂ ಹಾಜರಿ ಕರೆಯುವಾಗ ಮಾಸ್ತರರಿಗೆ ಎಂದೂ ಗೊಂದಲವಾಗುವುದಿಲ್ಲ. ಒಬ್ಬನ ಅಡ್ಡಹೆಸರು ಅಂಗಡಿ, ಇನ್ನೊಬ್ಬನದು ಉಳ್ಳಾಗಡ್ಡಿ, ಮೂರನೆಯವನದು ಮೆಣಸಿನಕಾಯಿ. ಹೆಸರು ದೇವರದಾದರೂ ಗುರುತು ಅಡ್ಡಹೆಸರಿನದು. ಡಿಸ್ಕ್‌ಗೆ ಜಿಯುಐಡಿ ಎಂಬುದು ಇಂಥದೇ ಅಡ್ಡಹೆಸರು. ಕ್ಲೋನ್ ಮಾಡುವ ಹಲವು ತಂತ್ರಾಂಶಗಳು ಹಳೆಯ ಡಿಸ್ಕನ್ನು ಇದ್ದ ಹಾಗೆಯೇ ನಕಲಿಸುವುದರಿಂದ, ನಿಮ್ಮ ಫೋಟೊಗಳ ಜೊತೆಗೆ ಆ ಅಡ್ಡಹೆಸರೂ ಅಕ್ಷರ ತಪ್ಪದೆ ಹೊಸ ಡಿಸ್ಕಿಗೆ ಬಂದುಬಿಡುತ್ತದೆ. ಈಗ ಒಂದೇ ಬೆಂಚಿನ ಮೇಲೆ ಇಬ್ಬರು ಬಸವರಾಜ ಮೆಣಸಿನಕಾಯಿ ಕುಳಿತಿದ್ದಾರೆ, ಮಾಸ್ತರರು ಕರೆದೊಡನೆ ಇಬ್ಬರೂ "ಹಾಜರ್ ಸರ್" ಎಂದು ಎದ್ದು ನಿಲ್ಲುತ್ತಾರೆ. ನಾವಿರುವುದು ಅವಳಿ ನಗರದಲ್ಲಿ ನಿಜ, 1962ರಲ್ಲಿ ಎರಡೂ ಊರುಗಳಿಗೆ ಒಂದೇ ಮಹಾನಗರ ಪಾಲಿಕೆ ಮಾಡಿದ್ದೂ ನಿಜ. ಆದರೂ ಧಾರವಾಡಕ್ಕೆ 580001, ಹುಬ್ಬಳ್ಳಿಗೆ 580020 ಎಂದು ಬೇರೆ ಬೇರೆ ಪಿನ್‌ಕೋಡ್ ಕೊಟ್ಟಿರುವುದರಿಂದ ಅಂಚೆಯವರು ಬದುಕಿದ್ದಾರೆ. ಕ್ಲೋನ್ ಮಾಡಿದ ಡಿಸ್ಕಿಗೆ ಆ ಭಾಗ್ಯವೂ ಇಲ್ಲ.

ಹೀಗಾದಾಗ ಫರ್ಮ್‌ವೇರ್ ತನಗೆ ಮೊದಲು ಕಂಡದ್ದನ್ನು ಎಬ್ಬಿಸಬಹುದು, ಎದ್ದ ವಿಂಡೋಸ್ ತನ್ನ ಮುಂದಿನ ಕಡತಗಳಿಗಾಗಿ ಮತ್ತೊಂದರ ಕಡೆ ನೋಡಬಹುದು. ಕೆಲವು ಯಂತ್ರಗಳಲ್ಲಿ ಎಲ್ಲವೂ ಸರಿಯಾಗಿ ನಡೆದಂತೆ ಕಂಡು, ತಿಂಗಳುಗಟ್ಟಲೆ ಹಳೆಯ ಡಿಸ್ಕಿನಿಂದಲೇ ಕೆಲಸ ಸಾಗಿರುತ್ತದೆ. ವಿಂಡೋಸ್ ತೆರೆದುಕೊಂಡರೂ ಡಿಸ್ಕ್‌ಗಳ ಪಟ್ಟಿ ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಒಂದನ್ನು "ಆಫ್‌ಲೈನ್" ಎಂದು ಮೂಲೆಗೆ ಕೂರಿಸಿರುತ್ತದೆ. ಅದನ್ನು ಕಂಡು ನೀವು ಕರುಣೆಯಿಂದ "ಆನ್‌ಲೈನ್" ಒತ್ತಿದರೆ ವಿಂಡೋಸ್ ಅದಕ್ಕೆ ಹೊಸ ಗುರುತು ಬರೆಯುತ್ತದೆ, ಆದರೆ ಆ ಡಿಸ್ಕಿನೊಳಗಿನ, ಎಲ್ಲಿಂದ ಏಳಬೇಕೆಂದು ಹೇಳುವ ಬೂಟ್ ದಾಖಲೆಯಲ್ಲಿ ಹಳೆಯ ಗುರುತೇ ಉಳಿದಿರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ಒಂಟಿಯಾಗಿ ಏಳುತ್ತಿದ್ದ ಆ ಡಿಸ್ಕ್ ಇನ್ನು ಮುಂದೆ ಒಂಟಿಯಾಗಿಯೂ ಏಳದಿರಬಹುದು. ಆಗ ವಿಂಡೋಸ್ ಅಳವಡಿಕೆಯ ಪೆನ್‌ಡ್ರೈವಿನಿಂದ ಎಬ್ಬಿಸಿ, ಬಿಸಿಡಿಬೂಟ್ ಎಂಬ ಆದೇಶದಿಂದ ಬೂಟ್ ದಾಖಲೆಯನ್ನು ಹೊಸದಾಗಿ ಬರೆಸಬೇಕಾಗುತ್ತದೆ.

ಪರಿಹಾರಕ್ಕೆ ಬರೋಣ. ಏನನ್ನೂ ಮುಟ್ಟುವ ಮೊದಲು, ನಿಮ್ಮ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್‌ನಲ್ಲಿ ಬದಲಾವಣೆ ಕಂಡರೆ ಅದು ಕೀಲಿ ಕೇಳಬಹುದು, ಆ ಹೊತ್ತಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ನಂತರ ಹಳೆಯ ಡಿಸ್ಕನ್ನು ಹೊರತೆಗೆದು, ಹೊಸದೊಂದರಿಂದಲೇ ವಾರವಿಡೀ ಕೆಲಸ ಮಾಡಿ, ಬೇಕಾದ ಕಡತಗಳೆಲ್ಲ ಬಂದಿವೆಯೇ ಎಂದು ನೋಡಿ. ತೃಪ್ತಿಯಾದ ಮೇಲೆ ಹಳೆಯದನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ, ವಿಂಡೋಸ್ ಪೂರ್ತಿ ಎದ್ದ ನಂತರ ಜೋಡಿಸಿ, ಡಿಸ್ಕ್‌ಪಾರ್ಟ್ ಎಂಬ ವಿಂಡೋಸಿನದೇ ಸಾಧನದಲ್ಲಿ ಅದನ್ನು ಆಯ್ದು, ಡಿಸ್ಕನ್ನು ಗುರುತಿನ ಸಮೇತ ಅಳಿಸಿಹಾಕುವ "ಕ್ಲೀನ್" ಆದೇಶ ಕೊಡಿ. ಆಯ್ಕೆ ಮಾಡುವಾಗ ಗಾತ್ರ ನೋಡಿ: 256 ಜಿಬಿಯದು ಅಲ್ಲಿ 238 ಎಂದೂ 1 ಟಿಬಿಯದು 931 ಎಂದೂ ಕಾಣುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ, ತಯಾರಕರು ಸಾವಿರದ ಲೆಕ್ಕದಲ್ಲೂ ವಿಂಡೋಸ್ 1024ರ ಲೆಕ್ಕದಲ್ಲೂ ಎಣಿಸುತ್ತಾರೆ ಅಷ್ಟೇ. "ಕ್ಲೀನ್" ಎಂಬುದು ಖಚಿತವೇ ಎಂದು ಮರುಪ್ರಶ್ನೆ ಕೇಳುವುದಿಲ್ಲ. ನಾನೊಮ್ಮೆ ಮಾತನಾಡುತ್ತಲೇ ಎಂಟರ್ ಒತ್ತಿ, ಎರಡು ವರ್ಷದ ಚಿತ್ರೀಕರಣವನ್ನು ಕಳೆದುಕೊಂಡಿದ್ದೇನೆ.

[ದೃಶ್ಯ: ಗಡಿಯಾರ]

ಹತ್ತು ನಿಮಿಷ ಮೀರುತ್ತಿರುವುದರಿಂದ ಉಳಿದ ಕಾರಣಗಳನ್ನು ಒಟ್ಟಿಗೇ ಹೇಳುತ್ತೇನೆ. ಕ್ಲೋನ್ ಮಾಡದೆ ಖಾಲಿ ಡಿಸ್ಕ್ ಹಾಕಿಯೂ ಏಳದಿದ್ದರೆ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಕೆಳಗಿಳಿದಿದೆಯೇ ನೋಡಿ. ನೀಲಿ ಪರದೆಯಲ್ಲಿ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂದು ಬಂದರೆ ಯಾರೋ ಬಯೋಸ್‌ನಲ್ಲಿ ವಿಎಂಡಿ ಅಥವಾ ರೇಡ್ ಎಂಬ, ಡಿಸ್ಕ್‌ಗಳನ್ನು ನಿಭಾಯಿಸುವ ರೀತಿಯ ಆಯ್ಕೆಯನ್ನು ಬದಲಿಸಿರಬಹುದು, ಮೊದಲಿದ್ದಂತೆ ಮಾಡಿ. ಎರಡು ಡಿಸ್ಕ್ ಇದ್ದಾಗ ವಿಂಡೋಸ್ ಅಳವಡಿಸಿದ್ದರೆ ಅದು ತನ್ನ ಬೂಟ್ ಕಡತಗಳನ್ನು ಮತ್ತೊಂದು ಡಿಸ್ಕಿನ ಇಎಫ್‌ಐ ವಿಭಾಗದಲ್ಲಿ ಇಟ್ಟಿರುವ ಸಂಭವವಿದೆ, ಆದ್ದರಿಂದ ಅಳವಡಿಸುವಾಗ ಒಂದನ್ನು ಕಿತ್ತಿಡುವುದು ಲೇಸು. ಲಿನಕ್ಸ್ ಬಳಸುವವರು, ಏಳುವಾಗ ಯಾವ ಡಿಸ್ಕ್ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕಿನ ಕ್ರಮಸಂಖ್ಯೆಯ ಬದಲು ಯುಯುಐಡಿ (ಜಿಯುಐಡಿಯಂಥದೇ ಗುರುತು) ಬರೆದಿದ್ದಾರೆಯೇ ಪರೀಕ್ಷಿಸಲಿ, ಏಕೆಂದರೆ ಹೊಸ ಡಿಸ್ಕ್ ಬಂದಾಗ ಆ ಸಂಖ್ಯೆಗಳು ಅದಲುಬದಲಾಗಬಹುದು.

ಹಳೆಯದನ್ನು ಹೀಗೆ ಅಳಿಸಿ ಮರಳಿ ಕೂಡಿಸಿದ ಮೇಲೆ ವಿದ್ಯಾನಗರದ ವೀಕ್ಷಕರ ಲ್ಯಾಪ್‌ಟಾಪ್ ಈಗ ಎರಡೂ ಡಿಸ್ಕಿನೊಂದಿಗೆ ಏಳುತ್ತಿದೆ. ಮುಚ್ಚಳ ಹಾಕಿದ ಮೇಲೆ ಅವರ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದಿದೆಯಂತೆ, ಅದು ಎಲ್ಲಿಯದೆಂದು ಫೋಟೊ ತೆಗೆದು ಕಳಿಸಿದ್ದಾರೆ.