ಹಳೇ ಪಿಕಪ್ಪಿಗೆ ಹೊಸ ಶಾಕಪ್ಸರ್

ಎಲ್ಲರಿಗೂ ನಮಸ್ಕಾರ. ಕೋಲಾರದ ಕಡೆ ಬೆಳಗಿನ ಜಾವ ರೋಡಲ್ಲಿ ನಿಂತ್ರೆ ಟೊಮೆಟೊ ಕ್ರೇಟ್ ತುಂಬ್ಕೊಂಡು ಎಪಿಎಂಸಿಗೆ ಹೋಗೋ ಪಿಕಪ್‌ಗಳು ಸಾಲಾಗಿ ಸಿಗ್ತವೆ, ಅದ್ರಲ್ಲಿ ವಯಸ್ಸಾದ ಗಾಡಿಗಳಿಗೇನೂ ಬರ ಇಲ್ಲ. ನಮ್ಮನೇದೂ ಅದೇ ಜಾತಿ, 14 ವರ್ಷದ ಗಾಡಿ. ಹೋದ ವರ್ಷ ಅದು ಹಂಪ್ ಇಳಿದ ಮೇಲೂ ಮೂರು ಸಲ ಕುಣಿಯೋದು, ಮಾರ್ಕೆಟ್ ಮುಟ್ಟೋಷ್ಟರಲ್ಲಿ ಕೆಳಗಿನ ಕ್ರೇಟಿನ ಹಣ್ಣು ರಸ ಬಿಟ್ಟಿರೋದು.

ಶಾಕಪ್ಸರ್, ಅಂದ್ರೆ ಶಾಕ್ ಅಬ್ಸಾರ್ಬರ್, ಹೋಗಿದೆ ಅಂತ ಅಂಗಡಿಗೆ ಹೋಗಿ ನಾನ್ ಕೇಳಿದ್ದೇನು ಅಂದ್ರೆ, ಅಣ್ಣಾ ಲೋಡ್ ಹೊಡೀತೀವಿ, ಇರೋದ್ರಲ್ಲಿ ಹೆವಿ ಶಾಕಪ್ಸರ್ ಕೊಡಿ ಅಂತ. ಅಲ್ಲೇ ಎಡವಿದ್ದು ನೋಡಿ. ಲೋಡ್ ಹೊರೋದು ಶಾಕಪ್ಸರ್ ಅಲ್ಲ, ಪ್ಲೇಟು. ಬೊಲೆರೊ ಪಿಕಪ್ ಆಗ್ಲಿ ಟಾಟಾ 207 ಆಗ್ಲಿ, ಹಿಂದಗಡೆ ಭಾರ ಕೂರೋದು ಲೀಫ್ ಸ್ಪ್ರಿಂಗ್ ಮೇಲೆ, ಒಂದರ ಮೇಲೊಂದು ಜೋಡಿಸಿರೋ ಆ ಉಕ್ಕಿನ ಪಟ್ಟಿಗಳನ್ನೇ ನಾವು ಪ್ಲೇಟು ಅನ್ನೋದು. ಶಾಕಪ್ಸರ್ ಕೆಲಸ ಆ ಪ್ಲೇಟಿನ ಕುಣಿತ ನಿಲ್ಲಿಸೋದು, ಒಳಗೆ ಪಿಸ್ಟನ್ ಆಯಿಲಲ್ಲಿ ಓಡಾಡ್ತದೆ, ಸಣ್ಣ ತೂತಲ್ಲಿ ಆಯಿಲ್ ತೂರೋಕೆ ಒದ್ದಾಡ್ತದೆ, ಕುಣಿಯೋ ಶಕ್ತಿ ಬಿಸಿಯಾಗಿ ಹೋಗ್ತದೆ, ಅಷ್ಟೇ. ಗಾಡಿ ಹಿಂದೆ ಜಗ್ಗಿ ಕೂತಿದ್ರೆ ಪ್ಲೇಟ್ ಕಟ್ಟಿಸ್ಬೇಕು, ಶಾಕಪ್ಸರಿಗೆ ದುಡ್ಡು ಸುರಿದ್ರೆ ಅದು ಎದ್ದೇಳಲ್ಲ.

ನನಗೆ ಸಿಕ್ಕ ಹೆವಿ ಮಾಲು ಹಳೇದಕ್ಕಿಂತ ಎರಡು ಬೆರಳು ಉದ್ದ ಇತ್ತು. ಬೋಲ್ಟ್ ಕೂತ್ಕೊಳ್ತು, ಸುಮ್ನಾದೆ. ಮೂರನೇ ವಾರ ಫುಲ್ ಲೋಡಲ್ಲಿ ಗುಂಡಿಗೆ ಇಳಿದಾಗ ಟಣ್ ಅಂತು, ಕೆಳಗೆ ಬಗ್ಗಿ ನೋಡಿದ್ರೆ ಶಾಕಪ್ಸರ್ ಹಿಡಿಯೋ ಬ್ರಾಕೆಟ್ ವೆಲ್ಡಿಂಗ್ ಬಾಯಿ ಬಿಟ್ಟಿದೆ. ಗಾಡಿ ಪೂರ್ತಿ ಬಗ್ಗಿದಾಗ ಚಾಸಿಸಿಗಿರೋ ರಬ್ಬರ್ ಸ್ಟಾಪರ್ ಆಕ್ಸಲ್ಲಿಗೆ ಮೊದಲು ತಾಗ್ಬೇಕು, ಆಮೇಲೂ ಶಾಕಪ್ಸರ್ ಒಳಗೆ ಸ್ವಲ್ಪ ಜಾಗ ಉಳಿದಿರ್ಬೇಕು. ಉದ್ದ ಜಾಸ್ತಿ ಆದ್ರೆ ಇಡೀ ಪೆಟ್ಟು ಶಾಕಪ್ಸರೇ ತಿನ್ನತ್ತೆ, ಗಿಡ್ಡ ಆದ್ರೆ ಚಕ್ರ ಕೆಳಗಿಳಿದಾಗ ಬೋಲ್ಟ್ ಹಾಕೋ ಕಣ್ಣು ಕಿತ್ಕೊಂಡು ಬರತ್ತೆ. ಅದಕ್ಕೇ ಹಳೇದನ್ನ ಬಿಚ್ಚಿ ಜೊತೆಗೇ ತಗೊಂಡೋಗಿ, ಪೂರ್ತಿ ಒತ್ತಿದಾಗ ಎಷ್ಟು, ಪೂರ್ತಿ ಎಳೆದಾಗ ಎಷ್ಟು, ಟೇಪ್ ಹಿಡಿದು ಅಲ್ಲೇ ಅಳೀರಿ, ಮಧ್ಯೆ ಯಾರಾದ್ರೂ ಎಕ್ಸ್‌ಟ್ರಾ ಪ್ಲೇಟ್ ಹಾಕ್ಸಿ ಗಾಡಿ ಎತ್ತರ ಮಾಡಿದ್ರೆ ಅದನ್ನೂ ಹೇಳಿ.

ಹಳೇದನ್ನ ಬಿಚ್ಚಿದ ಮೇಲೆ ನೆಟ್ಟಗೆ ಹಿಡ್ಕೊಂಡು ಕೈಯಲ್ಲಿ ಒತ್ತಿ ಎಳೆದು ನೋಡಿ. ನಮ್ದು ಒಂದಿಂಚು ಏನೂ ಹಿಡಿತ ಇಲ್ದೆ ಸರ್ರಂತ ಹೋಗೋದು, ಆಮೇಲೆ ಪಚಪಚ ಸದ್ದು. ಮೈಮೇಲೆ ಸಣ್ಣಗೆ ಎಣ್ಣೆ ಪಸೆ ಇದ್ರೆ ಗಾಬರಿ ಬೇಡ, ಧೂಳು ಕಟ್ಟಿ ತೊಟ್ಟಿಕ್ತಿದ್ರೆ ಕಥೆ ಮುಗೀತು. ಟೈರ್ ಮೇಲೆ ಅಂಗೈ ಆಡಿಸಿದ್ರೆ ಅಲೆ ಅಲೆಯಾಗಿ ಸವೆದಿರೋದೂ ಗೊತ್ತಾಗತ್ತೆ. ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯತ್ತೆ ಅಂತ ನೋಡೋ ಪರೀಕ್ಷೆ ಕಾರಿಗೆ ಸರಿ, ಪ್ಲೇಟಿನ ಗಾಡೀಲಿ ಪ್ಲೇಟುಗಳ ತಿಕ್ಕಾಟವೇ ಕುಣಿತ ತಡೆಯತ್ತೆ, ಶಾಕಪ್ಸರ್ ಸತ್ತಿದ್ರೂ ಬದುಕಿರೋ ಹಾಗೆ ಕಾಣತ್ತೆ.

ಇನ್ನು ಆಯಿಲ್ದೋ ಗ್ಯಾಸ್ದೋ ಅಂತ ಕೇಳ್ತಾರೆ. ಗ್ಯಾಸ್ ಅಂದ್ರೂ ಒಳಗೆ ಆಯಿಲ್ ಇದ್ದೇ ಇರತ್ತೆ, ಅದರ ಜೊತೆ ನೈಟ್ರೋಜನ್ ಒತ್ತಡ, ಆಯಿಲ್ ನೊರೆ ಆಗದ ಹಾಗೆ. ಮಣ್ಣು ರೋಡಲ್ಲಿ ತಾಸುಗಟ್ಲೆ ಓಡೋರಿಗೆ ಅದು ಉಪಯೋಗ, ಬಿಸಿಯಾದ್ರೂ ಹಿಡಿತ ಬೇಗ ಬಿಡಲ್ಲ. ಬರೀ ಹತ್ತಿರದ ಟ್ರಿಪ್ ಅಂದ್ರೆ ಮಾಮೂಲಿ ಆಯಿಲ್ದೇ ಸಾಕು, ಖಾಲಿ ಗಾಡಿ ಸೊಂಟ ಮುರಿಯೋ ಹಾಗೆ ಎತ್ತಾಕೋದಕ್ಕಂತೂ ಗ್ಯಾಸ್ ಮದ್ದಲ್ಲ, ಅದು ದಪ್ಪ ಪ್ಲೇಟಿನ ಗುಣ. ನಾನು ಎರಡನೇ ಸಲ ಗಾಡಿ ಮಾಡೆಲ್ ಹೇಳಿ ಕಂಪನಿ ಅಳತೆಯದ್ದೇ ತಂದೆ, ಹಿಂದಿನ ಎರಡೂ ಒಟ್ಟಿಗೆ. ಒಂದು ಹೊಸದು ಒಂದು ಹಳೇದು ಹಾಕಿದ್ರೆ ಗಾಡಿ ಕುಂಟತ್ತೆ.

ಹಾಕೋ ಮುಂಚೆ ಮೆಕ್ಯಾನಿಕ್ ಅದನ್ನ ನಿಲ್ಲಿಸ್ಕೊಂಡು ನಾಲ್ಕೈದು ಸಲ ಒತ್ತಿ ಎಳೆದು ಒಳಗಿನ ಗಾಳಿ ಬಿಡಿಸಿದ, ಜಾಕ್ ಇಳಿಸಿ ಚಕ್ರ ನೆಲಕ್ಕೆ ಕೂತ ಮೇಲೇ ಬೋಲ್ಟ್ ಪೂರ್ತಿ ಟೈಟ್ ಮಾಡಿದ, ಇಲ್ಲಾಂದ್ರೆ ಕಣ್ಣಿನೊಳಗಿನ ರಬ್ಬರ್ ಬುಷ್ ತಿರುಚ್ಕೊಂಡೇ ಕೂತು ಬೇಗ ಹರಿದೋಗತ್ತಂತೆ. ಮಾರನೇ ದಿನ ಅದೇ ಹಂಪು, ಗಾಡಿ ಒಂದ್ಸಲ ಬಗ್ಗಿ ಎದ್ದು ಸುಮ್ನಾಯ್ತು. ಮಂಡೀಲಿ ಕೆಳಗಿನ ಕ್ರೇಟ್ ಇಳಿಸಿ ನೋಡಿದೆ, ತಳ ಒಣಗೇ ಇತ್ತು.